ಕಷ್ಟಕಾಲದಲ್ಲಿ ದೇವರ ಆಶ್ರಯವನ್ನು ಹಿಡಿದು ನಿಲ್ಲುವುದು ಹೇಗೆ: ದಿನದಿನಕ್ಕೆ ಒಂದು ಕ್ರಮ

ಮನೆಯಲ್ಲಿ ದೊಡ್ಡ ಕಾಯಿಲೆ ಕಾಣಿಸಿಕೊಂಡಾಗ, ಕೆಲಸ ಹೋದಾಗ, ಸಾಲದವರು ಬಾಗಿಲಿಗೆ ಬಂದಾಗ ಸಭೆಯವರು (ಚರ್ಚಿನವರು) ಹೇಳುವ ಮೊದಲ ಮಾತು ಒಂದೇ: ‘ದೇವರು ಕಾಪಾಡುತ್ತಾರೆ, ನಂಬಿಕೆಯಿಂದಿರಿ.’ ಮಾತು ಸತ್ಯ. ಆದರೆ ಅದನ್ನು ಕೇಳಿಸಿಕೊಂಡವರು ಮರುದಿನ ಬೆಳಗ್ಗೆ ಎದ್ದು ಏನು ಮಾಡಬೇಕು, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಏನೆಂದು ಪ್ರಾರ್ಥಿಸಬೇಕು, ಆಸ್ಪತ್ರೆಗೆ ಹೋಗಬೇಕೋ ಉಪವಾಸ ಕೂರಬೇಕೋ, ಯಾರಿಗೆ ಹೇಳಿಕೊಳ್ಳಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಇಲ್ಲಿ ಅದನ್ನೇ ಹೇಳಲಾಗಿದೆ. ನೀವು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರಿರಲಿ, ಕಥೋಲಿಕರಿರಲಿ, ಪೆಂತೆಕೊಸ್ತ್ ಸಭೆಗೆ ಹೋಗುವವರಿರಲಿ, ಈ ಕ್ರಮ ಹೊಂದುತ್ತದೆ. ಬೇಕಾದದ್ದು ಒಂದು ಸತ್ಯವೇದ (ಬೈಬಲ್), ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಮತ್ತು ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆ.

ಮೊದಲು ವಾಗ್ದಾನವನ್ನು ಪೂರ್ತಿ ಓದಿ

ಕಷ್ಟದಲ್ಲಿರುವವರ ಕೈಗೆ ಮೊದಲು ಸಿಗುವುದು ಸತ್ಯವೇದದ ಕೀರ್ತನೆಗಳ ಪುಸ್ತಕದ 91ನೇ ಕೀರ್ತನೆ. ಎಷ್ಟೋ ಮನೆಗಳ ಬಾಗಿಲ ಮೇಲೆ, ಆಟೊ ಗಾಜಿನ ಮೇಲೆ ಅದರ ವಚನಗಳಿವೆ. ಮರಣಕರ ವ್ಯಾಧಿ ಹತ್ತಿರ ಬಾರದು, ದೂತರು ಕೈಗಳಲ್ಲಿ ಎತ್ತಿಕೊಳ್ಳುವರು ಎಂಬ ಸಾಲುಗಳು ಮನಸ್ಸಿಗೆ ತಕ್ಷಣ ಹಿಡಿಸುತ್ತವೆ. ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಆ ಸಾಲುಗಳನ್ನು ಮಾತ್ರ ಕತ್ತರಿಸಿಟ್ಟುಕೊಂಡವರ ಮನೆಗೆ ಡೆಂಗಿ ಬಂದ ದಿನ, ಬೈಕ್ ಅಪಘಾತವಾದ ದಿನ, ಕಾಯಿಲೆಯ ಜೊತೆಗೆ ಇನ್ನೊಂದು ಭಾರವೂ ತಲೆಗೇರುತ್ತದೆ: ನನ್ನ ನಂಬಿಕೆಯಲ್ಲೇ ಕೊರತೆಯಿತ್ತೇ? ದೇವರೇ ಮಾತು ತಪ್ಪಿದರೇ?

ಆದ್ದರಿಂದ ಹದಿನಾರೂ ವಚನಗಳನ್ನು ನಿಧಾನವಾಗಿ, ಬಾಯಿಬಿಟ್ಟು ಓದಿ. 15ನೇ ವಚನಕ್ಕೆ ಬಂದಾಗ ನಿಲ್ಲಿಸಿ ಇನ್ನೊಮ್ಮೆ ಓದಿ. ಇಕ್ಕಟ್ಟಿನಲ್ಲಿ ಅವನ ಹತ್ತಿರವಿರುತ್ತೇನೆ ಎಂದು ದೇವರು ಅಲ್ಲಿ ಹೇಳುತ್ತಾರೆ. ಇಕ್ಕಟ್ಟು ಬರುತ್ತದೆ ಎಂಬುದನ್ನು ಇಟ್ಟುಕೊಂಡೇ ಆ ಕೀರ್ತನೆ ಮಾತಾಡುತ್ತಿದೆ. ಆಮೇಲೆ ಮತ್ತಾಯ 4:5–7 (4ನೇ ಅಧ್ಯಾಯ, 5ರಿಂದ 7ನೇ ವಚನ) ತೆಗೆಯಿರಿ. ದೇವಾಲಯದ ಶಿಖರದ ಮೇಲೆ ಸೈತಾನ ಯೇಸುಸ್ವಾಮಿಯ ಮುಂದೆ ಎತ್ತಿದ ವಚನ ಇದೇ 91ನೇ ಕೀರ್ತನೆಯದು. ಕೆಳಕ್ಕೆ ಹಾರು, ದೂತರು ಹಿಡಿಯುತ್ತಾರೆ ಎಂದ. ಯೇಸು ಧರ್ಮೋಪದೇಶಕಾಂಡ 6:16ರಿಂದ ಉತ್ತರಿಸಿದರು: ದೇವರನ್ನು ಪರೀಕ್ಷಿಸಬಾರದು. ಅದೇ ಯೇಸು ಮುಂದೆ ಶಿಲುಬೆಗೆ ಹೋದರು. ಪೆಟ್ಟೇ ಬೀಳುವುದಿಲ್ಲ ಎಂಬ ಅರ್ಥದಲ್ಲಿ ಅವರು ಆ ಕೀರ್ತನೆಯನ್ನು ಎಂದೂ ಹಿಡಿಯಲಿಲ್ಲ.

ಇದನ್ನು ನೇರವಾಗಿ ತೋರಿಸುವ ಇನ್ನೂ ಮೂರು ಭಾಗಗಳಿವೆ, ಒಂದೇ ವಾರದಲ್ಲಿ ಓದಿ ಮುಗಿಸಬಹುದು. ಅಪೊಸ್ತಲರ ಕೃತ್ಯಗಳು 12ರಲ್ಲಿ ಹೆರೋದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೂತನೊಬ್ಬ ಸೆರೆಯಿಂದ ಬಿಡಿಸುತ್ತಾನೆ. ಇಬ್ರಿಯ 11:34ರಲ್ಲಿ ನಂಬಿಕೆಯಿಂದ ಕೆಲವರು ಕತ್ತಿಯ ಬಾಯಿಂದ ತಪ್ಪಿಸಿಕೊಂಡರು ಎಂದಿದೆ, ಮೂರು ವಚನ ದಾಟಿದರೆ ಅದೇ ನಂಬಿಕೆಯವರು ಕತ್ತಿಯಿಂದ ಸತ್ತರು ಎಂದಿದೆ. ದಾನಿಯೇಲ 3:17–18ರಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಅರಸನಿಗೆ ಕೊಟ್ಟ ಉತ್ತರದಲ್ಲಿ ಎರಡು ಭಾಗ ಇವೆ: ನಮ್ಮ ದೇವರು ಬೆಂಕಿಯಿಂದ ಬಿಡಿಸಬಲ್ಲರು, ಬಿಡಿಸದಿದ್ದರೂ ನಿನ್ನ ಬೊಂಬೆಗೆ ಅಡ್ಡಬೀಳೆವು. ಈ ಎರಡನೇ ಭಾಗವನ್ನು ಪ್ರಾರ್ಥನೆಯಲ್ಲಿ ಬಾಯಿಬಿಟ್ಟು ಹೇಳಲು ಕಲಿಯುವುದೇ ಈ ಹಾದಿಯ ಕಷ್ಟದ ಭಾಗ. ಒಂದೇ ದಿನದಲ್ಲಿ ಬರುವುದಿಲ್ಲ. ಬಲವಂತದಿಂದಲೂ ಬೇಡ.

ಕರಾವಳಿಯವರಿಗೆ ಕಾರ್ಕಳದ ಅತ್ತೂರು ಬಸಿಲಿಕಾ ಗೊತ್ತು. ಜನವರಿಯ ಹಬ್ಬಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಹೋಗುತ್ತಾರೆ. ಅಲ್ಲಿ ಯಾರ ಹೆಸರಿನಲ್ಲಿ ರಕ್ಷಣೆ ಬೇಡುತ್ತೇವೋ ಆ ಸಂತ ಲಾರೆನ್ಸ್ ರೋಮಿನ ಸಭೆಯ ಸೇವಕರಾಗಿದ್ದವರು (ಡೀಕನ್), ಕ್ರಿ.ಶ. 258ರಲ್ಲಿ ಕೊಲ್ಲಲ್ಪಟ್ಟವರು. ಕೊಲ್ಲಲ್ಪಟ್ಟವರನ್ನು ದೇವರು ಕೈಬಿಟ್ಟರು ಎಂದು ಸಭೆ ಒಂದು ದಿನವೂ ಎಣಿಸಲಿಲ್ಲ. ರೋಮಾಪುರದವರಿಗೆ 8:35–39 ಹೇಳುವುದೂ ಇದನ್ನೇ. ಹಿಂಸೆ, ಬರ, ಬಟ್ಟೆಯಿಲ್ಲದ ಸ್ಥಿತಿ, ಕತ್ತಿ ಎಲ್ಲವನ್ನೂ ಹೆಸರಿಸಿ, ಇವು ಯಾವುವೂ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವು ಎನ್ನುತ್ತದೆ.

ಭಯಕ್ಕೆ ಹೆಸರಿಡಿ, ಮೇಜಿನ ಮೇಲೆ ಹರಡಿ

ಅಶ್ಶೂರದ ಅರಸನಿಂದ ಬೆದರಿಕೆಯ ಪತ್ರ ಬಂದಾಗ ಯೆಹೂದದ ಅರಸ ಹಿಜ್ಕೀಯ ಅದನ್ನು ಓದಿ, ದೇವಾಲಯಕ್ಕೆ ತೆಗೆದುಕೊಂಡು ಹೋಗಿ, ಕರ್ತನ ಮುಂದೆ ಹರಡಿದ (2 ಅರಸುಗಳು 19:14). ನೀವೂ ಅಕ್ಷರಶಃ ಹಾಗೇ ಮಾಡಿ. ಬ್ಯಾಂಕಿನ ನೋಟಿಸ್, ಸ್ಕ್ಯಾನ್ ರಿಪೋರ್ಟ್, ಕೋರ್ಟಿನ ಸಮನ್ಸ್, ಏನಿದೆಯೋ ಅದನ್ನು ಬೀರುವಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ಬಿಡಿಸಿಡಿ. ಒಡೆಯದ ಕವರ್ ಇದ್ದರೆ ಒಡೆಯಿರಿ. ಪಕ್ಕದಲ್ಲಿ ನೋಟ್‌ಬುಕ್ ತೆರೆದು ತಾರೀಖು ಬರೆಯಿರಿ.

ಆಮೇಲೆ ಭಯವನ್ನು ಅಂಕಿಅಂಶದ ಸಮೇತ ಒಂದೊಂದೇ ಸಾಲಿನಲ್ಲಿ ಬರೆಯಿರಿ. ‘ಹಣದ ತೊಂದರೆ’ ಎಂದು ಬರೆದರೆ ಸಾಲದು. ‘10ನೇ ತಾರೀಖಿನೊಳಗೆ 18,000 ಕಟ್ಟಬೇಕು, ಕೈಯಲ್ಲಿ 7,000 ಇದೆ’ ಎಂದು ಬರೆಯಿರಿ. ‘ಅಮ್ಮನ ಆರೋಗ್ಯ’ ಎನ್ನುವ ಬದಲು ‘ಬುಧವಾರ ಬಯಾಪ್ಸಿ ರಿಪೋರ್ಟ್ ಬರುತ್ತದೆ, ಕ್ಯಾನ್ಸರ್ ಎಂದರೆ ಏನು ಮಾಡುವುದು ಗೊತ್ತಿಲ್ಲ’ ಎಂದು ಬರೆಯಿರಿ. ಆರೇಳು ಸಾಲಿಗಿಂತ ಹೆಚ್ಚಾಗುವುದು ಅಪರೂಪ. ಹೆಸರಿಲ್ಲದ ಭಯ ದಿನವಿಡೀ ತಲೆಯಲ್ಲಿ ಸುತ್ತುತ್ತಿರುತ್ತದೆ, ಅದನ್ನು ಪ್ರಾರ್ಥನೆಯಲ್ಲಿ ಒಪ್ಪಿಸಲೂ ಆಗುವುದಿಲ್ಲ, ಅದರ ಬಗ್ಗೆ ಒಂದು ಫೋನ್ ಕರೆ ಮಾಡಲೂ ಆಗುವುದಿಲ್ಲ. ಫಿಲಿಪ್ಪಿಯವರಿಗೆ 4:6 ನಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಸಿ ಎನ್ನುತ್ತದೆ. ತಿಳಿಸಬೇಕಾದರೆ ಏನು ಬೇಕೆಂಬುದು ಮೊದಲು ನಮಗೇ ಸ್ಪಷ್ಟವಾಗಬೇಕು.

ಅಳುವ ಪ್ರಾರ್ಥನೆಗೂ ಒಂದು ಕ್ರಮವಿದೆ

ನಮ್ಮ ಸಭೆಗಳಲ್ಲಿ ಸ್ತುತಿ ಹಾಡಲು ಚೆನ್ನಾಗಿ ಕಲಿಸುತ್ತಾರೆ, ಪ್ರಲಾಪಿಸಲು ಕಲಿಸುವುದು ಕಡಿಮೆ. ಆದರೆ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ದೂರು, ಮೊರೆ, ಕಣ್ಣೀರು. ದೇವರ ಮುಂದೆ ಗೋಳಾಡಿದರೆ ಗುಣುಗುಟ್ಟಿದಂತಾಗುತ್ತದೆ ಎಂದು ಹೆದರುವವರಿಗೆ ಒಂದು ಮಾತು. ಅರಣ್ಯದಲ್ಲಿ ಇಸ್ರಾಯೇಲರು ಡೇರೆಗಳಲ್ಲಿ ಕೂತು ದೇವರ ಬಗ್ಗೆ ತಮ್ಮತಮ್ಮಲ್ಲಿ ಗುಣುಗುಟ್ಟಿದರು. ದಾವೀದ ತನ್ನ ದೂರನ್ನು ನೇರವಾಗಿ ದೇವರಿಗೇ ಹೇಳಿದ. ವ್ಯತ್ಯಾಸ ಇರುವುದು ಅಲ್ಲಿ.

ಕಲಿಯಲು ಅತಿ ಸುಲಭವಾದದ್ದು 13ನೇ ಕೀರ್ತನೆ. ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂದು ಮತ್ತೆ ಮತ್ತೆ ಕೇಳುವ ದೂರು, ನಡುವಿನ ಎರಡರಲ್ಲಿ ನೇರ ಬೇಡಿಕೆ, ಕೊನೆಯ ಎರಡರಲ್ಲಿ ನಂಬಿಕೆ. ಇದನ್ನೇ ಅಚ್ಚಾಗಿಟ್ಟುಕೊಂಡು ನಿಮ್ಮದನ್ನು ಬರೆಯಿರಿ:

1. ಒಂದೆರಡು ಸಾಲು ದೂರು. ‘ಕರ್ತನೇ, ನಾಲ್ಕು ತಿಂಗಳಿಂದ ಕೇಳುತ್ತಿದ್ದೇನೆ, ಒಂದು ಇಂಟರ್‌ವ್ಯೂ ಕರೆಯೂ ಬಂದಿಲ್ಲ. ಎಷ್ಟು ದಿನ ಹೀಗೆ?’
2. ಒಂದು ಬೇಡಿಕೆ, ಒಂದೇ. ‘ಈ ತಿಂಗಳು ಮಕ್ಕಳ ಫೀಸಿಗೆ ದಾರಿ ತೋರಿಸು.’
3. ನೀವು ಇನ್ನೂ ಹಿಡಿದುಕೊಂಡಿರುವುದು ಏನು ಎಂಬ ಒಂದು ಸಾಲು. ‘ನೀನು ಇಲ್ಲಿಯವರೆಗೆ ನಮ್ಮನ್ನು ಬಿಟ್ಟಿಲ್ಲ.’

ಮೂರನೆಯದನ್ನು ಬರೆಯಲು ಮನಸ್ಸು ಒಪ್ಪದಿದ್ದರೆ ಬರೆಯಬೇಡಿ, ಜಾಗ ಖಾಲಿ ಬಿಡಿ. 88ನೇ ಕೀರ್ತನೆ ಹಾಗೇ ಇದೆ: ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ, ಸತ್ಯವೇದ ಅದಕ್ಕೆ ಸಮಾಧಾನದ ಕೊನೆ ಜೋಡಿಸಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನು, ಯಾಕೆ ಕೈಬಿಟ್ಟೆ ಎಂಬ ಪ್ರಶ್ನೆಯನ್ನು. ನಂಬಿಕೆಯ ಸಾಲು ಬಾರದ ದಿನ ಮಾರ್ಕ 9:24ರಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಬಳಿ ತಂದ ತಂದೆಯ ಮಾತು ಸಾಕು: ನಂಬುತ್ತೇನೆ, ನಂಬಲಾರದ ನನಗೆ ಸಹಾಯ ಮಾಡು.

ಇಲ್ಲಿ ಆಗುವ ಸಾಮಾನ್ಯ ತಪ್ಪು ಅವಸರ. ಎರಡು ನಿಮಿಷ ಅತ್ತು ಕೂಡಲೇ ‘ಆದರೂ ಸ್ತೋತ್ರ’ ಎಂದು ಮುಚ್ಚಿಬಿಟ್ಟರೆ ಒಳಗಿನ ದುಃಖ ದೇವರ ಮುಂದೆ ಬಂದಿರುವುದೇ ಇಲ್ಲ. ಅದು ಸಂಜೆ ಮಕ್ಕಳ ಮೇಲೆ ಸಿಟ್ಟಾಗಿ ಹೊರಬೀಳುತ್ತದೆ.

ಬಿರುಗಾಳಿಯ ಅಧ್ಯಾಯವನ್ನು ಪೆನ್ನು ಹಿಡಿದು ಓದಿ

ದೇವರ ಕಾಪಾಡುವಿಕೆಯೂ ಮನುಷ್ಯರ ಕೆಲಸವೂ ಹೇಗೆ ಒಟ್ಟಿಗೆ ಹೋಗುತ್ತವೆ ಎಂಬುದಕ್ಕೆ ಅಪೊಸ್ತಲರ ಕೃತ್ಯಗಳು 27ಕ್ಕಿಂತ ಒಳ್ಳೆಯ ಪಾಠ ಇಡೀ ಸತ್ಯವೇದದಲ್ಲಿ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. 44 ವಚನ, ಹತ್ತು ನಿಮಿಷದ ಓದು. ಒಂದು ಭಾನುವಾರ ಮಧ್ಯಾಹ್ನ ಇದಕ್ಕೇ ಇಟ್ಟುಕೊಳ್ಳಿ.

ಅಪೊಸ್ತಲ ಪೌಲ ಕೈದಿಯಾಗಿ ರೋಮಿಗೆ ಹೋಗುತ್ತಿದ್ದಾನೆ. ಹಡಗಿನಲ್ಲಿ 276 ಜನ. ಗಾಳಿ ಬಡಿದು ದಿನಗಟ್ಟಲೆ ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಬದುಕುವ ಆಸೆಯೇ ಹೋಯಿತು ಎಂದು 20ನೇ ವಚನ ಹೇಳುತ್ತದೆ, ಹಾಗೆ ಬರೆದವನು ಆ ಹಡಗಿನಲ್ಲೇ ಇದ್ದ ಲೂಕ. ಆಗ ದೂತನ ಮೂಲಕ ಮಾತು ಬರುತ್ತದೆ: ಒಂದು ಜೀವವೂ ನಷ್ಟವಾಗುವುದಿಲ್ಲ, ಹಡಗು ಮಾತ್ರ ಹೋಗುತ್ತದೆ.

ಮಾತು ಬಂದ ಮೇಲೆ ಏನಾಯಿತೆಂದು ಗಮನಿಸಿ. ಬಿರುಗಾಳಿ ನಿಲ್ಲಲಿಲ್ಲ. ಹದಿನಾಲ್ಕನೆಯ ರಾತ್ರಿ ನಾವಿಕರು ಆಳ ಅಳೆಯಲು ಗುಂಡು ಇಳಿಸಿದರು, ಇಪ್ಪತ್ತು ಮಾರು ಬಂತು. ಸ್ವಲ್ಪ ಮುಂದೆ ಹೋಗಿ ಮತ್ತೆ ಇಳಿಸಿದರು, ಹದಿನೈದು ಮಾರು. ಬಂಡೆಗೆ ಬಡಿದೀತೆಂದು ಹಿಂಬದಿಯಿಂದ ನಾಲ್ಕು ಲಂಗರು ಬಿಟ್ಟು, ಬೆಳಗಾದರೆ ಸಾಕೆಂದು ಹಾರೈಸುತ್ತಾ ಕೂತರು. ನಾವಿಕರು ಗುಟ್ಟಾಗಿ ದೋಣಿ ಇಳಿಸಿ ಪಾರಾಗಲು ನೋಡಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ ಎಂದು ಪೌಲನೇ ಶತಾಧಿಪತಿಗೆ ಹೇಳಿದ. ಒಂದು ಜೀವವೂ ಹೋಗದು ಎಂಬ ದೇವರ ಮಾತನ್ನು ಕೈಯಲ್ಲಿಟ್ಟುಕೊಂಡವನೇ ಹೀಗೆ ಹೇಳುತ್ತಾನೆ! ಕೆಲಸ ಬಲ್ಲವರು ಕೆಲಸದಲ್ಲಿರಬೇಕು. ಆಮೇಲೆ ಎಲ್ಲರಿಗೂ ಊಟ ಮಾಡಲು ಒತ್ತಾಯಿಸಿ, ತಾನೇ ರೊಟ್ಟಿ ತೆಗೆದುಕೊಂಡು, ದೇವರ ಸ್ತೋತ್ರ ಮಾಡಿ, ಮುರಿದು ತಿಂದ. ಬೆಳಗ್ಗೆ ಹಡಗು ಒಡೆಯಿತು. ಈಜು ಬಲ್ಲವರು ಹಾರಿದರು, ಉಳಿದವರು ಹಲಗೆಗಳ ಮೇಲೆ, ಹಡಗಿನ ತುಂಡುಗಳ ಮೇಲೆ ದಡ ಸೇರಿದರು. ಎಲ್ಲರೂ ಉಳಿದರು.

ಈಗ ನೋಟ್‌ಬುಕ್ಕಿನ ಪುಟವೊಂದನ್ನು ಮೂರು ಕಾಲಂ ಮಾಡಿ. ಮೊದಲನೆಯದು: ದೇವರು ಮಾತು ಕೊಟ್ಟಿರುವುದು. ಇದರಲ್ಲಿ ಸತ್ಯವೇದದಲ್ಲಿ ಇರುವುದನ್ನು ಮಾತ್ರ ಬರೆಯಿರಿ: ಜೊತೆಯಲ್ಲಿರುತ್ತೇನೆ (ಯೆಶಾಯ 43:2), ಕೃಪೆ ಸಾಕಾಗುತ್ತದೆ (2 ಕೊರಿಂಥ 12:9), ಯಾವುದೂ ಅಗಲಿಸಲಾರದು (ರೋಮಾ 8:39). ‘ಇದೇ ಮನೆ ಉಳಿಯುತ್ತದೆ’ ಎಂಬುದು ನಮ್ಮ ಆಸೆ, ಅದಕ್ಕೆ ಜಾಗ ಬೇಡಿಕೆಯ ಸಾಲಿನಲ್ಲಿ. ಎರಡನೆಯ ಕಾಲಂ: ನಮ್ಮ ಕೈಯಲ್ಲಿರುವ ಲಂಗರುಗಳು. ಯಾರಿಗೆ ಫೋನ್ ಮಾಡಬೇಕು, ಯಾವ ಅರ್ಜಿ ಹಾಕಬೇಕು, ಯಾವ ಮಾತ್ರೆ ಎಷ್ಟು ಗಂಟೆಗೆ. ಮೂರನೆಯದು: ಹೋಗಬಹುದಾದ ಹಡಗು. ಕಾರು ಮಾರಬೇಕಾಗಬಹುದು, ಬಾಡಿಗೆ ಕಡಿಮೆ ಇರುವ ಮನೆಗೆ ಹೋಗಬೇಕಾಗಬಹುದು, ಒಂದು ವರ್ಷ ಓದು ನಿಲ್ಲಬಹುದು. ಇದನ್ನು ಬರೆಯಲು ಕೈ ನಡುಗುತ್ತದೆ. ಆದರೂ ಬರೆದವರಿಗೆ, ಹಡಗು ಹೋದ ದಿನ ದೇವರೂ ಹೋದರು ಎನ್ನಿಸುವುದಿಲ್ಲ. ಪುಟವನ್ನು ವಾರಕ್ಕೊಮ್ಮೆ ತಿರುಗಿ ನೋಡಿ, ಎರಡನೆಯ ಕಾಲಮ್ಮಿನಲ್ಲಿ ಮುಗಿದದ್ದಕ್ಕೆ ಗೆರೆ ಎಳೆಯಿರಿ.

ದಿನದ ಮೂರು ಹೊತ್ತು

ಬೆಳಗ್ಗೆ ಹದಿನೈದು ನಿಮಿಷ, ಮೊಬೈಲ್ ಮುಟ್ಟುವ ಮೊದಲು. ಎರಡು ನಿಮಿಷ ಸುಮ್ಮನೆ ಕೂರಿ, ಆ ದಿನದ ಕೀರ್ತನೆಯನ್ನು ಬಾಯಿಬಿಟ್ಟು ಓದಿ, ಭಯದ ಪಟ್ಟಿಯಿಂದ ಆ ದಿನಕ್ಕೆ ಸೇರಿದ್ದನ್ನು ಮಾತ್ರ ಹೇಳಿಕೊಳ್ಳಿ. ಮುಂದಿನ ತಿಂಗಳದ್ದನ್ನು ಇಂದು ಎತ್ತಬೇಡಿ, ಮತ್ತಾಯ 6:34 ಅದನ್ನೇ ಹೇಳುತ್ತದೆ. ಕರ್ತನ ಪ್ರಾರ್ಥನೆಯಿಂದ ಮುಗಿಸಿ.

ಕೀರ್ತನೆಗಳನ್ನು ಹೀಗೆ ಹಂಚಿಕೊಳ್ಳಬಹುದು: ಸೋಮವಾರ 3, ಮಂಗಳವಾರ 13, ಬುಧವಾರ 27, ಗುರುವಾರ 46, ಶುಕ್ರವಾರ 22, ಶನಿವಾರ 77, ಭಾನುವಾರ 121. ಶುಕ್ರವಾರದ್ದು 31 ವಚನದ ಉದ್ದದ್ದು, ಆ ದಿನಕ್ಕೆ ತಕ್ಕದ್ದು. ನಾಲ್ಕು ವಾರ ಇದೇ ಏಳನ್ನು ತಿರುಗಿಸಿ. ದಿನಕ್ಕೊಂದು ಹೊಸ ವಾಗ್ದಾನ ಬೇಕು ಎಂದು ಆ್ಯಪಿನಿಂದ ಆ್ಯಪಿಗೆ ಹುಡುಕುವವರಿಗಿಂತ, ಇದ್ದದ್ದನ್ನೇ ಬಾಯಿಪಾಠ ಆಗುವಷ್ಟು ಓದಿದವರಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಪುಸ್ತಕವಿಲ್ಲದೆ ಮಾತು ನೆನಪಾಗುತ್ತದೆ.

ಹಗಲಿನಲ್ಲಿ ಎದೆ ಹೊಡೆದುಕೊಳ್ಳಲು ಶುರುವಾದರೆ 56ನೇ ಕೀರ್ತನೆಯ 3ನೇ ವಚನ. ಉಸಿರು ಒಳಗೆ ತೆಗೆದುಕೊಳ್ಳುತ್ತಾ ‘ಹೆದರಿಕೆಯಾದಾಗ’, ನಿಧಾನವಾಗಿ ಹೊರಗೆ ಬಿಡುತ್ತಾ ‘ನಿನ್ನನ್ನೇ ಆಶ್ರಯಿಸುವೆನು’. ಹತ್ತು ಸಲ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದವಿರಲಿ, ಎದೆಬಡಿತ ಇಳಿಯುವುದು ಅದರಿಂದ. ಬಸ್ಸಿನಲ್ಲಿ, ಕ್ಯೂನಲ್ಲಿ, ಕಣ್ಣು ತೆರೆದೇ ಮಾಡಬಹುದು. ಜಪಮಾಲೆ ಹೇಳುವ ರೂಢಿಯಿರುವವರಿಗೆ ಒಂದು ದಶಕ (ಹತ್ತು ಮಣಿಗಳ ಒಂದು ಸುತ್ತು) ಇದೇ ಕೆಲಸ ಮಾಡುತ್ತದೆ.

ರಾತ್ರಿ ಮನೆಯವರೆಲ್ಲ ಕೂತು ಕುಟುಂಬ ಪ್ರಾರ್ಥನೆ, ಹತ್ತು ನಿಮಿಷ ಮೀರದಂತೆ. 4ನೇ ಕೀರ್ತನೆ ರಾತ್ರಿಯದು, ಮಲಗಿ ನಿದ್ದೆ ಮಾಡುವೆನು ಎಂದು ಮುಗಿಯುತ್ತದೆ. ಮಕ್ಕಳಿಗೆ ವಿಷಯ ಮುಚ್ಚಿಡಬೇಡಿ, ವಯಸ್ಸಿಗೆ ತಕ್ಕಷ್ಟು ಹೇಳಿ: ‘ಅಪ್ಪನ ಕೆಲಸ ಹೋಗಿದೆ, ಹೊಸದು ಹುಡುಕುತ್ತಿದ್ದಾರೆ, ಊಟಕ್ಕೆ ತೊಂದರೆ ಇಲ್ಲ, ದೇವರು ನಮ್ಮ ಜೊತೆಗಿದ್ದಾರೆ.’ ‘ನೀನು ಚೆನ್ನಾಗಿ ಪ್ರಾರ್ಥನೆ ಮಾಡಿದರೆ ಅಜ್ಜಿ ಗುಣವಾಗುತ್ತಾರೆ’ ಎಂದು ಮಾತ್ರ ಯಾವ ಮಗುವಿಗೂ ಹೇಳಬೇಡಿ. ಅಜ್ಜಿ ತೀರಿಕೊಂಡರೆ ಆ ಮಗು ತನ್ನನ್ನೇ ದೂಷಿಸಿಕೊಳ್ಳುತ್ತದೆ, ದೊಡ್ಡವರಿಗೆ ಅದು ಗೊತ್ತೂ ಆಗುವುದಿಲ್ಲ.

ನಡುರಾತ್ರಿ ಎಚ್ಚರವಾಗಿ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಕೂತು, ಸಣ್ಣ ದೀಪ ಹಾಕಿ, ತಲೆಯಲ್ಲಿ ಸುತ್ತುತ್ತಿರುವುದನ್ನು ಒಂದು ಸಾಲು ಬರೆಯಿರಿ, 121ನೇ ಕೀರ್ತನೆಯ ಎಂಟು ವಚನ ಓದಿ. ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದಿರುವುದು ಅಲ್ಲೇ. ಆತನು ಎಚ್ಚರವಾಗಿರುವಾಗ ನೀವು ಕಾವಲು ಕೂರಬೇಕಾಗಿಲ್ಲ. ಸಾಲದ ಲೆಕ್ಕ, ರಿಪೋರ್ಟಿನ ಪದಗಳ ಹುಡುಕಾಟ ರಾತ್ರಿ ಬೇಡ.

ಪ್ರವಾದಿ ಎಲೀಯನ ಸಂಗತಿಯನ್ನೂ ಮರೆಯಬಾರದು. ಸಾಯುವುದೇ ಮೇಲು ಎಂದು ಮರದಡಿ ಮಲಗಿದವನಿಗೆ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ (1 ಅರಸುಗಳು 19). ಎರಡು ದಿನದಿಂದ ಸರಿಯಾಗಿ ಉಂಡಿಲ್ಲದವರು ಪ್ರಾರ್ಥನೆ ಹತ್ತುತ್ತಿಲ್ಲ ಎಂದು ಕೊರಗುವ ಮೊದಲು ಅನ್ನ ಉಣ್ಣಲಿ, ಮಲಗಲಿ.

ಔಷಧಿ, ಹಣ, ಕಾನೂನು: ಇವೂ ದೇವರ ಕೈಗಳೇ

ಹಿಜ್ಕೀಯನಿಗೆ ಹದಿನೈದು ವರ್ಷ ಆಯುಸ್ಸು ಕೂಡಿಸಿದ ಅದೇ ಅಧ್ಯಾಯದಲ್ಲಿ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಲು ಹೇಳಿದ (ಯೆಶಾಯ 38:21). ಯೆರೂಸಲೇಮಿನ ಗೋಡೆ ಕಟ್ಟುವಾಗ ನೆಹೆಮೀಯ ಪ್ರಾರ್ಥನೆಯೂ ಮಾಡಿದ, ಹಗಲುರಾತ್ರಿ ಕಾವಲೂ ಇಟ್ಟ (ನೆಹೆಮೀಯ 4:9). ಪ್ರಾರ್ಥನೆ ಮಾಡಿಸಿದ ಮೇಲೆ ಮಾತ್ರೆ ಬಿಡುವುದು ನಂಬಿಕೆಯ ಗುರುತು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೂರ್ಛೆರೋಗದ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು. ಇನ್ಸುಲಿನ್ ಮೇಲೇ ಬದುಕಿರುವ ಮಗುವಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಕ್ಷಯದ ಔಷಧಿ ಸಾಮಾನ್ಯವಾಗಿ ಆರು ತಿಂಗಳದ್ದು. ಎರಡು ತಿಂಗಳಿಗೇ ಕೆಮ್ಮು ಹೋಯಿತೆಂದು ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತೆ ಮರಳಬಹುದು. ಗುಣವಾಗಿದೆ ಎನ್ನಿಸಿದರೆ ಪರೀಕ್ಷೆ ಮಾಡಿಸಿ, ಡಾಕ್ಟರೇ ಮಾತ್ರೆ ಇಳಿಸಲಿ. ದೇವರು ಮಾಡಿದ ಗುಣ ರಕ್ತಪರೀಕ್ಷೆಗೆ ಹೆದರುವಂಥದ್ದಲ್ಲ.

ಉಪವಾಸ ಪ್ರಾರ್ಥನೆಗೂ ಇದೇ ಎಚ್ಚರ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಊಟ ಬಿಡುವುದು ಬೇಡ. ಟಿವಿ, ಮೊಬೈಲ್ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಡಲಿ. ಉಳಿದವರು ಒಂದು ಹೊತ್ತು ಬಿಟ್ಟರೆ ಸಾಕು, ನೀರು ಕುಡಿಯುತ್ತಿರಿ.

ಆಸ್ಪತ್ರೆಯ ಖರ್ಚಿಗೆ ಬಡ್ಡಿ ಸಾಲಕ್ಕೆ ಓಡುವ ಮೊದಲು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಸಾಲ ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಿ ಕಾಡಬಾರದು ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ನಿಯಮ ಮಾಡಿದೆ. ಬೆದರಿಸಿದರೆ ಕರೆಯ ದಿನ, ಗಂಟೆ, ನಂಬರ್ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತದೆ.

ಮನೆಯಲ್ಲೇ ಹೊಡೆತ ತಿನ್ನುತ್ತಿರುವವರಿಗೆ ‘ತಾಳಿಕೊಳ್ಳಿ, ದೇವರು ಕಾಪಾಡುತ್ತಾರೆ’ ಎಂದು ಹೇಳಿ ವಾಪಸು ಕಳಿಸುವುದು ಪಾಪ. ಅರಸ ಸೌಲನ ಕೈಯಿಂದ ದಾವೀದ ಕಿಟಕಿಯಿಂದ ಇಳಿದು ಓಡಿದ. ಯೋಸೇಫ ಮಗು ಯೇಸುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರಿಯೇ ಐಗುಪ್ತಕ್ಕೆ ಹೊರಟ, ಅದೂ ದೇವದೂತನ ಮಾತಿನಂತೆ. ಪೌಲನನ್ನು ಹೆಡಿಗೆಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಅಪಾಯದಿಂದ ಹೊರಬರುವುದು ಅಪನಂಬಿಕೆ ಅಲ್ಲ. ಮಹಿಳೆಯರಿಗೆ 181, ಯಾವುದೇ ತುರ್ತಿಗೆ 112. ಬದುಕು ಸಾಕು ಎಂಬ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಮನಸ್ಸಿನ ಕಾಯಿಲೆಗೆ ಡಾಕ್ಟರ ಬಳಿ ಹೋಗುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಯಾರಿಗೆ ಹೇಳಬೇಕು

ಗೆತ್ಸೇಮನೆಯಲ್ಲಿ ಯೇಸುವೇ ಮೂವರನ್ನು ಕರೆದುಕೊಂಡು ಹೋಗಿ, ನನ್ನ ಪ್ರಾಣ ಬಹಳ ದುಃಖಪಡುತ್ತಿದೆ, ಎಚ್ಚರವಾಗಿರಿ ಎಂದು ಕೇಳಿಕೊಂಡರು. ನೀವೂ ಇಬ್ಬರು ಮೂವರನ್ನು ಆರಿಸಿಕೊಳ್ಳಿ, ಬಾಯಿ ಭದ್ರವಿರುವವರನ್ನು. ಯಾಕೋಬ 5:14ರ ಪ್ರಕಾರ ಸಭೆಯ ಹಿರಿಯರನ್ನು, ಅಯ್ಯನವರನ್ನು ಅಥವಾ ಫಾದರನ್ನು ಮನೆಗೆ ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿ. ಕಥೋಲಿಕರಲ್ಲಿ ಇದು ಸಂಸ್ಕಾರ, ಕೊನೆಯ ಗಳಿಗೆಯವರೆಗೆ ಕಾಯಬೇಕಾಗಿಲ್ಲ. ಕೇಳುವಾಗ ‘ನಮಗಾಗಿ ಪ್ರಾರ್ಥಿಸಿ’ ಎಂದಷ್ಟೇ ಹೇಳದೆ, ‘ಮಂಗಳವಾರ ಆಪರೇಷನ್, ಬೆಳಗ್ಗೆ ಒಂಬತ್ತಕ್ಕೆ ಪ್ರಾರ್ಥಿಸಿ, ಸಂಜೆ ಮಕ್ಕಳನ್ನು ಸ್ಕೂಲಿಂದ ಕರೆತನ್ನಿ’ ಎಂದು ಬಿಡಿಸಿ ಕೇಳಿ. ಸಹಾಯ ಮಾಡಲು ಮನಸ್ಸಿರುವವರಿಗೆ ಏನು ಮಾಡಬೇಕೆಂದು ಗೊತ್ತಾಗದೆ ಸುಮ್ಮನಿರುತ್ತಾರೆ. 200 ಜನರ ವಾಟ್ಸ್ಆ್ಯಪ್ ಗುಂಪಿಗೆ ರಿಪೋರ್ಟಿನ ಫೋಟೊ ಹಾಕಬೇಡಿ, ಅದು ಎಲ್ಲೆಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಚರ್ಚುಗಳಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇದ್ದರೆ ಹಣದ ಸಂಕಷ್ಟವನ್ನು ಅಲ್ಲಿ ಗುಟ್ಟಾಗಿ ಹೇಳಿಕೊಳ್ಳಬಹುದು.

ಇಷ್ಟು ಸಾವಿರ ಕಾಣಿಕೆ ಹಾಕಿದರೆ ಅದ್ಭುತ ನಡೆಯುತ್ತದೆ, ಈ ಎಣ್ಣೆ ಕೊಂಡರೆ ಶಾಪ ಹೋಗುತ್ತದೆ ಎನ್ನುವವರಿಂದ ದೂರವಿರಿ. ದೇವರ ವರವನ್ನು ದುಡ್ಡಿಗೆ ಕೊಳ್ಳಲು ಬಂದ ಸೀಮೋನನಿಗೆ ಪೇತ್ರ ಹೇಳಿದ್ದು ಕೃತ್ಯಗಳು 8:20ರಲ್ಲಿದೆ, ಓದಿ ನೋಡಿ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕೆದಕುವವರಿಗೆ, ಹುಟ್ಟುಕುರುಡನ ಬಗ್ಗೆ ಯೇಸು ಹೇಳಿದ ಯೋಹಾನ 9:3 ಉತ್ತರ: ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ. ನೀವೇ ಸಂತೈಸಲು ಹೋಗುವವರಾದರೆ ಯೋಬನ ಸ್ನೇಹಿತರ ಮೊದಲ ವಾರವನ್ನು ಅನುಸರಿಸಿ. ಏಳು ದಿನ ಏಳು ರಾತ್ರಿ ಮಾತಿಲ್ಲದೆ ಜೊತೆಗೆ ಕೂತರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟದ್ದು.

ಕೇಳಿದ್ದು ಸಿಗದಿದ್ದಾಗ

ಪೌಲ ತನ್ನ ಶರೀರದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿದ. ತೆಗೆಯಲಿಲ್ಲ. ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಮಾತು. ಕೇಳುವುದನ್ನು ಯಾವಾಗ ನಿಲ್ಲಿಸಬೇಕು ಎಂದು ಹಲವರು ಕೇಳುತ್ತಾರೆ. ಲೆಕ್ಕದ ಉತ್ತರ ಇಲ್ಲ. ದಾರಿ ಮುಚ್ಚಿದೆ ಎಂದು ಸ್ಪಷ್ಟವಾಗುವವರೆಗೆ ಕೇಳಿ. ಆಮೇಲೆ ಬೇಡಿಕೆಯನ್ನು ಬದಲಿಸಿ: ‘ಗುಣಮಾಡು’ ಎಂದದ್ದನ್ನು ‘ನೋವು ಕಡಿಮೆ ಮಾಡು, ಹೆದರದಂತೆ ಹಿಡಿದುಕೋ, ಉಳಿದ ದಿನಗಳನ್ನು ಚೆನ್ನಾಗಿ ಕೊಡು’ ಎಂದು. ಇದು ಸೋತು ಕೈಚೆಲ್ಲಿದ್ದಲ್ಲ, ದೇವರೊಂದಿಗಿನ ಮಾತು ಇನ್ನೂ ಮುಂದುವರಿದಿದೆ.

ನೋಟ್‌ಬುಕ್ಕಿನ ಹಿಂದಿನ ಪುಟಗಳಿಂದ ಇನ್ನೊಂದು ಪಟ್ಟಿ ಶುರುಮಾಡಿ. ದಿನಕ್ಕೆ ಒಂದೇ ಸಾಲು, ಆ ದಿನ ಬಂದ ಒಂದು ಸಹಾಯ. ಪಕ್ಕದ ಮನೆಯವರು ಕೊಟ್ಟ ಸಾರು, ನರ್ಸ್ ಆಡಿದ ಒಳ್ಳೆಯ ಮಾತು, ರಾತ್ರಿ ಐದು ಗಂಟೆ ನಿದ್ದೆ. ಏನೂ ಕಾಣದ ದಿನ ‘ಇಂದು ಕಾಣಲಿಲ್ಲ’ ಎಂದೇ ಬರೆಯಿರಿ, ಸುಳ್ಳು ಬೇಡ. 77ನೇ ಕೀರ್ತನೆಯವನು ಮಾತೇ ಹೊರಡದಷ್ಟು ಕಳವಳದಲ್ಲಿ ದೇವರ ಹಿಂದಿನ ಕೆಲಸಗಳನ್ನು ನೆನಪಿಗೆ ತಂದುಕೊಂಡದ್ದು ಹೀಗೆಯೇ.

ಪ್ರಾರ್ಥನೆ ಪೂರ್ತಿ ನಿಂತುಹೋಗುವ ವಾರಗಳೂ ಬರುತ್ತವೆ, ಸಾವಾದ ಮನೆಯಲ್ಲಿ ವಿಶೇಷವಾಗಿ. ಆಗ ಬೆಳಗಿನ ಕ್ರಮವನ್ನು ಒಂದು ಕೀರ್ತನೆಗೆ ಇಳಿಸಿ, ಅದೂ ಆಗದಿದ್ದರೆ ಬೇರೆಯವರು ಓದಲಿ, ನೀವು ಕೇಳಿ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು, ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಮಾರ್ಕ 2:5 ಹೇಳುತ್ತದೆ. ಮಾತು ಸಿಗದ ನರಳಾಟವನ್ನು ದೇವರಾತ್ಮನೇ ಪ್ರಾರ್ಥನೆಯಾಗಿ ಎತ್ತಿಕೊಳ್ಳುತ್ತಾನೆ ಎಂದು ರೋಮಾ 8:26. ಭಾನುವಾರ ಆರಾಧನೆಗೆ ಮಾತ್ರ ಹೋಗುವುದನ್ನು ಬಿಡಬೇಡಿ. ಸ್ವಲ್ಪ ತಡವಾಗಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ, ಹಾಡಲು ಬಾರದಿದ್ದರೆ ಸುಮ್ಮನಿರಿ, ಸುತ್ತಲಿನವರು ಹಾಡಲಿ. ಮುಗಿದ ಮೇಲೆ ಎಲ್ಲರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಕಷ್ಟ ಬೇಡವೆನಿಸಿದರೆ, ಕೊನೆಯ ಆಶೀರ್ವಾದ ಆದ ಕೂಡಲೇ ನಿಮ್ಮನ್ನು ಮನೆಗೆ ಕರೆದೊಯ್ಯಲು ಆ ಇಬ್ಬರು ಮೂವರಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ.